ಕೆ. ಶೇಷಾದ್ರಿ ಅಯ್ಯರ್

ಸರ್ ಕುಮಾರಪುರಂ ಶೇಷಾದ್ರಿ ಅಯ್ಯರ್ (1 ಜೂನ್ 1845 – 13 ಸೆಪ್ಟೆಂಬರ್ 1901) ಅವರು 1883ರಿಂದ 1901ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದವರು. ಕಾವೇರಿ ನದಿಯ ಶಿವನಸಮುದ್ರ ಜಲವಿದ್ಯುತ್ ಯೋಜನೆ ಇವರ ಅಧಿಕಾರಾವಧಿಯಲ್ಲಿ ಆರಂಭವಾಯಿತು.

ಆರಂಭಿಕ ಜೀವನ

ಮಲಬಾರಿನ ಪಾಲಕ್ಕಾಡಿನ ಬಳಿಯ ಕುಮಾರಪುರಂನಲ್ಲಿ ಜನಿಸಿದ ಇವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದರು. 1868ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ದಿವಾನ್ ರಂಗಾಚಾರ್ಲು ಅವರು 1883ರಲ್ಲಿ ನಿಧನರಾದಾಗ ಆ ಹುದ್ದೆಗೆ ನೇಮಕಗೊಂಡರು. ಹತ್ತನೆಯ ಚಾಮರಾಜೇಂದ್ರ ಒಡೆಯರು 1894ರಲ್ಲಿ ತೀರಿಕೊಂಡ ನಂತರ, ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ರಾಜಪ್ರತಿನಿಧಿ ಆಡಳಿತದಲ್ಲಿಯೂ ಅದೇ ಹೊಣೆಯನ್ನು ಮುಂದುವರಿಸಿದರು.

ಶಿವನಸಮುದ್ರ ಯೋಜನೆ

ಕೋಲಾರದ ಚಿನ್ನದ ಗಣಿಗಳ ಯಂತ್ರಗಳು ಆಗ ಉಗಿಯಿಂದ ನಡೆಯುತ್ತಿದ್ದವು. ಅದಕ್ಕೆ ಸೌದೆ ಮತ್ತು ಕಲ್ಲಿದ್ದಲು ಬೇಕಾಗಿತ್ತು. ಜಲಪಾತದ ಶಕ್ತಿಯಿಂದ ವಿದ್ಯುತ್ ಉತ್ಪಾದಿಸಿ ಗಣಿಗಳಿಗೆ ಒಯ್ಯುವ ಯೋಜನೆಯನ್ನು ಸಂಸ್ಥಾನದ ಎಂಜಿನಿಯರ್ ಎ. ಜೋಲಿ ಡಿ ಲೋಟ್ಬಿನಿಯರ್ ರೂಪಿಸಿದರು. ಇಷ್ಟು ದೂರ ವಿದ್ಯುತ್ ಸಾಗಿಸುವುದು ಭಾರತದಲ್ಲಿ ಹಿಂದೆಂದೂ ನಡೆಯದ ಕಾಲದಲ್ಲಿ ಅದಕ್ಕೆ ಸರ್ಕಾರದ ಹಣವನ್ನು ಒದಗಿಸುವ ಧೈರ್ಯ ತೋರಿದವರು ಶೇಷಾದ್ರಿ ಅಯ್ಯರ್. ಯೋಜನೆಯ ಚರ್ಚೆಯಲ್ಲಿ ಈ ಅಂಶ ಹಿಂದೆ ಸರಿದುಹೋಗುವುದುಂಟು. 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ಉದ್ದದ ತಂತಿಮಾರ್ಗದ ಮೂಲಕ ಗಣಿಗಳಿಗೆ ವಿದ್ಯುತ್ ಹರಿಯಿತು. ಅದನ್ನು ನೋಡಲು ಅವರು ಬದುಕಿರಲಿಲ್ಲ. 1905ರಲ್ಲಿ ಬೆಂಗಳೂರಿಗೂ ಇಲ್ಲಿಂದಲೇ ದೀಪ ಬಂದಿತು.

ಪರಿಸರದ ದೃಷ್ಟಿಯಿಂದ

ಮೊದಲ ಹಂತದಲ್ಲಿ ಇಲ್ಲಿ ಬೃಹತ್ ಜಲಾಶಯವಿರಲಿಲ್ಲ. ನದಿಯ ನೀರಿನ ಒಂದು ಪಾಲನ್ನು ಕಾಲುವೆಗೆ ತಿರುಗಿಸಿ, ಕೊಳವೆಗಳಲ್ಲಿ ಸುಮಾರು 400 ಅಡಿ ಕೆಳಗಿಳಿಸಿ, ಮತ್ತೆ ನದಿಗೇ ಬಿಡಲಾಗುತ್ತಿತ್ತು. ಆದುದರಿಂದ ಊರು, ಹೊಲ, ಕಾಡು ದೊಡ್ಡ ಪ್ರಮಾಣದಲ್ಲಿ ಮುಳುಗಲಿಲ್ಲ. ಆದರೆ ತಿರುಗಿಸಿದ ನೀರು ಜಲಪಾತದ ಪಾಲಿನಿಂದ ಕಳೆದದ್ದೇ. ಬೇಸಗೆಯಲ್ಲಿ ಗಗನಚುಕ್ಕಿ, ಭರಚುಕ್ಕಿಗಳು ಸೊರಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಬೇಸಗೆಯಲ್ಲಿ ಹರಿವು ಕುಗ್ಗಿದಾಗ ಉತ್ಪಾದನೆಯೂ ಕುಗ್ಗುತ್ತಿತ್ತು. ಗಣಿಗಳಿಗೆ ವರ್ಷವಿಡೀ ವಿದ್ಯುತ್ ಒದಗಿಸುವ ಅಗತ್ಯವು, ನೀರಾವರಿಯ ಬೇಡಿಕೆಯೊಂದಿಗೆ ಸೇರಿ, ಕನ್ನಂಬಾಡಿಯ ಕೃಷ್ಣರಾಜಸಾಗರ ಅಣೆಕಟ್ಟೆಗೆ ದಾರಿಮಾಡಿತು. 1911ರಲ್ಲಿ ಆರಂಭವಾದ ಆ ಕಾಮಗಾರಿ ಮಂಡ್ಯ ಸೀಮೆಗೆ ಕಬ್ಬು, ಭತ್ತಗಳನ್ನು ತಂದಿತು. ಹಳೆಯ ಕನ್ನಂಬಾಡಿ ಗ್ರಾಮವೂ ವೇಣುಗೋಪಾಲಸ್ವಾಮಿ ದೇವಾಲಯವೂ ಅದರ ಹಿನ್ನೀರಿನಲ್ಲಿ ಮುಳುಗಿದವು. ಶಿವನಸಮುದ್ರವನ್ನು ಹಾನಿಯಿಲ್ಲದ ಯೋಜನೆ ಎಂದು ಹೊಗಳುವವರು ಈ ನಂಟನ್ನು ಮರೆಯಬಾರದು.

ಇತರ ಕಾರ್ಯಗಳು

ವೇದಾವತಿ ನದಿಗೆ ಹಿರಿಯೂರಿನ ಬಳಿ ಕಟ್ಟಿದ ಮಾರಿಕಣಿವೆ (ವಾಣಿವಿಲಾಸ ಸಾಗರ) ಅಣೆಕಟ್ಟೆಯ ಕೆಲಸ ಇವರ ಕಾಲದಲ್ಲಿ ಆರಂಭವಾಯಿತು. ಅದು ನೀರಾವರಿಗಾಗಿ ಕಟ್ಟಿದ್ದು. ಹೆಸರಘಟ್ಟದಿಂದ ಬೆಂಗಳೂರಿಗೆ ಕುಡಿಯುವ ನೀರು ತಂದ ಯೋಜನೆಯೂ ಇದೇ ಅವಧಿಯದು.

ನಿಧನ ಮತ್ತು ಸ್ಮರಣೆ

ಅನಾರೋಗ್ಯದಿಂದ 1901ರಲ್ಲಿ ನಿವೃತ್ತರಾದ ಇವರು ಅದೇ ವರ್ಷ ನಿಧನರಾದರು. ಬೆಂಗಳೂರಿನ ಶೇಷಾದ್ರಿಪುರಂ ಬಡಾವಣೆಗೆ ಇವರ ಹೆಸರಿದೆ. ಕಬ್ಬನ್ ಉದ್ಯಾನದಲ್ಲಿ ಇವರ ಪ್ರತಿಮೆಯೂ, ಇಂದು ರಾಜ್ಯ ಕೇಂದ್ರ ಗ್ರಂಥಾಲಯವಿರುವ ಸ್ಮಾರಕ ಭವನವೂ ಇವೆ.