ಪ್ರವಾದಿಗಳ ವಾಣಿಯನ್ನು ಪುರಾಣವಾಗಿ ಹಾಡಿದ ಫಾದರ್ ಥಾಮಸ್ ಸ್ಟೀಫನ್ಸ್

ಆಗಮನ ಕಾಲ ಬಂತೆಂದರೆ ನಮ್ಮ ದೇವಾಲಯಗಳಲ್ಲಿ ಪ್ರವಾದಿ ಯೆಶಾಯನ ವಾಚನಗಳು ಕೇಳಿಬರುತ್ತವೆ. ಇಂದು ಬೈಬಲ್ ನಮ್ಮ ಭಾಷೆಯಲ್ಲೇ ಇದೆ, ಮನೆಮನೆಯಲ್ಲೂ ಇದೆ. ನಾನೂರು ವರ್ಷಗಳ ಹಿಂದೆ ಹಾಗಿರಲಿಲ್ಲ. ಕರಾವಳಿಯ ಕೊಂಕಣಿ ಕ್ರೈಸ್ತರ ಪೂರ್ವಜರು ಅಬ್ರಹಾಮ, ಮೋಶೆ, ದಾವೀದ ಮತ್ತು ಪ್ರವಾದಿಗಳ ಕಥೆಯನ್ನು ತಮಗೆ ತಿಳಿಯುವ ಮಾತಿನಲ್ಲಿ ಕೇಳಿದ್ದು ಒಂದು ಕಾವ್ಯದ ಮೂಲಕ. ಅದೇ 'ಕ್ರಿಸ್ತಪುರಾಣ'. ಅದನ್ನು ಬರೆದವರು ಇಂಗ್ಲೆಂಡಿನಿಂದ ಬಂದ ಯೇಸುಸಭೆಯ ಗುರು ಫಾದರ್ ಥಾಮಸ್ ಸ್ಟೀಫನ್ಸ್.

ಸ್ಟೀಫನ್ಸ್ ಹುಟ್ಟಿದ್ದು 1549ರ ಸುಮಾರಿಗೆ, ಇಂಗ್ಲೆಂಡಿನ ವಿಲ್ಟ್‌ಶೈರ್ ಪ್ರಾಂತ್ಯದ ಬುಷ್ಟನ್ ಎಂಬ ಊರಿನಲ್ಲಿ. ವಿಂಚೆಸ್ಟರ್ ಶಾಲೆಯಲ್ಲಿ ಓದಿದರು. ಅದು ರಾಣಿ ಎಲಿಜಬೆತ್ತಳ ಕಾಲ. ಇಂಗ್ಲೆಂಡಿನಲ್ಲಿ ಕಥೋಲಿಕರಾಗಿ ಬದುಕುವುದೇ ಅಪಾಯವಾಗಿತ್ತು. ಯುವಕ ಸ್ಟೀಫನ್ಸ್ ತಾಯ್ನಾಡನ್ನು ಬಿಟ್ಟು ರೋಮಿಗೆ ಹೋಗಿ 1575ರಲ್ಲಿ ಯೇಸುಸಭೆಯನ್ನು ಸೇರಿದರು. 1579ರ ಏಪ್ರಿಲ್ 4ರಂದು ಲಿಸ್ಬನ್ನಿನಲ್ಲಿ ಹಡಗು ಹತ್ತಿ, ಆರು ತಿಂಗಳಿಗೂ ಮೀರಿದ ಪ್ರಯಾಣ ಮುಗಿಸಿ ಅಕ್ಟೋಬರ್ 24ರಂದು ಗೋವೆಯಲ್ಲಿ ಇಳಿದರು. ಭಾರತದಲ್ಲಿ ನೆಲೆನಿಂತ ಇಂಗ್ಲಿಷರಲ್ಲಿ ಇತಿಹಾಸಕ್ಕೆ ತಿಳಿದಿರುವ ಮೊದಲಿಗರು ಇವರೇ. ಮರುವರ್ಷ ಗುರುದೀಕ್ಷೆ ಪಡೆದರು.

ಅವರನ್ನು ಸೇವೆಗೆ ಕಳುಹಿಸಿದ್ದು ಗೋವೆಯ ದಕ್ಷಿಣಕ್ಕಿರುವ ಸಾಷ್ಟಿಗೆ. ಈ ಸೀಮೆ ಮೊದಲು ವಿಜಯಪುರದ ಆದಿಲ್‌ಶಾಹಿಗಳದ್ದು. ವಿಜಯಪುರ, ತಿಕೋಟಾ, ಬಬಲೇಶ್ವರಗಳ ಬಯಲು ಸೀಮೆಯಿಂದ ಘಟ್ಟವಿಳಿದು ಅರಬ್ಬಿ ಸಮುದ್ರದವರೆಗೆ ಆ ರಾಜ್ಯ ಹಬ್ಬಿತ್ತು. 1510ರಲ್ಲಿ ಗೋವಾ ನಗರ ಅವರ ಕೈತಪ್ಪಿತು. 1543ರಲ್ಲಿ ಸಾಷ್ಟಿ ಮತ್ತು ಬಾರ್ದೇಶ ಪೋರ್ಚುಗೀಸರ ಪಾಲಾದವು. ಸ್ಟೀಫನ್ಸ್ ಬಂದ ಮರುವರ್ಷ, 1580ರಲ್ಲಿ, ವಿಜಯಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಪಟ್ಟಕ್ಕೆ ಬಂದ. ಸರಸ್ವತಿಯನ್ನು ಸ್ತುತಿಸಿ ದಖನಿ ಭಾಷೆಯಲ್ಲಿ ಹಾಡು ಕಟ್ಟಿದ ಸುಲ್ತಾನ ಆತ. ಗಡಿಯ ಈಚೆಗೆ ಸಾಷ್ಟಿಯಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. 1567ರ ಸುಮಾರಿಗೆ ಅಲ್ಲಿನ ನೂರಾರು ದೇವಸ್ಥಾನಗಳನ್ನು ಪೋರ್ಚುಗೀಸ್ ಅಧಿಕಾರಿಗಳು ಕೆಡವಿದ್ದರು. ಜನರ ಮನಸ್ಸು ಕಹಿಯಾಗಿತ್ತು. 1583ರ ಜುಲೈಯಲ್ಲಿ ಕುಂಕಳ್ಳಿ ಗ್ರಾಮದಲ್ಲಿ ಫಾದರ್ ರೊಡೊಲ್ಫೊ ಅಕ್ವವೀವಾ ಸೇರಿ ಐವರು ಯೇಸುಸಭೆಯವರು ಹತರಾದರು. ಅವರ ಪಾರ್ಥಿವ ಶರೀರಗಳನ್ನು ತರಿಸಿ ಸಮಾಧಿ ಮಾಡುವ ದುಃಖದ ಹೊಣೆ ಸ್ಟೀಫನ್ಸರಿಗೆ ಬಂತು. ಬಳಿಕ ಪೋರ್ಚುಗೀಸರು ಆ ಗ್ರಾಮದ ಮುಖಂಡರನ್ನು ಕೋಟೆಗೆ ಕರೆಸಿ ಕೊಲ್ಲಿಸಿದರು. ಎರಡೂ ಕಡೆಯ ರಕ್ತ ಬಿದ್ದ ನೆಲ ಅದು.

ಇಂಥ ನೆಲದಲ್ಲಿ ಸ್ಟೀಫನ್ಸ್ ಸುಮಾರು 40 ವರ್ಷ ಇದ್ದರು. ಕೊಂಕಣಿ ಕಲಿತರು, ಮರಾಠಿ ಕಲಿತರು. ಇಲ್ಲಿನ ಭಾಷೆಗಳ ರಚನೆಗೂ ಗ್ರೀಕ್, ಲ್ಯಾಟಿನ್ ಭಾಷೆಗಳ ರಚನೆಗೂ ಹೋಲಿಕೆ ಇದೆಯೆಂದು 1583ರಲ್ಲೇ ತಮ್ಮ ಸಹೋದರನಿಗೆ ಪತ್ರ ಬರೆದರು. ವಿದ್ವಾಂಸರು ಈ ಸಂಬಂಧವನ್ನು ಸ್ಥಿರಪಡಿಸಿದ್ದು ಇನ್ನೂರು ವರ್ಷಗಳ ಮೇಲೆ. ಅವರು ಸಿದ್ಧಪಡಿಸಿದ ಕೊಂಕಣಿ ವ್ಯಾಕರಣ 1640ರಲ್ಲಿ, ಅಂದರೆ ಅವರು ತೀರಿಕೊಂಡ ಮೇಲೆ, ರಾಚೋಲಿನಲ್ಲಿ ಅಚ್ಚಾಯಿತು.

ಹೊಸದಾಗಿ ಕ್ರೈಸ್ತರಾದ ಜನರ ಕೊರತೆ ಏನೆಂಬುದು ಅವರಿಗೆ ತಿಳಿಯಿತು. ಹಳೆಯ ಪುರಾಣಗಳನ್ನು ಓದುವಂತಿಲ್ಲ, ಹಾಡುವಂತಿಲ್ಲ. ಅವುಗಳ ಜಾಗದಲ್ಲಿ ಸಿಕ್ಕಿದ್ದು ಪ್ರಶ್ನೋತ್ತರದ ಧರ್ಮೋಪದೇಶ ಮಾತ್ರ. ಬೈಬಲ್ ಲ್ಯಾಟಿನ್ ಭಾಷೆಯಲ್ಲಿತ್ತು. ಕ್ರಿಸ್ತಪುರಾಣದ ಆರಂಭದಲ್ಲಿಯೇ ಇದು ಕಥೆಯಾಗಿ ಬರುತ್ತದೆ. ಕ್ರೈಸ್ತನಾದ ಒಬ್ಬ ಬ್ರಾಹ್ಮಣ ಪಾದ್ರಿಯ ಬಳಿ ಬಂದು, ಉಪದೇಶದ ಪಾಠ ಒಳ್ಳೆಯದೇ, ಆದರೆ ಹಿಂದಿನ ಪುರಾಣಗಳ ಬದಲಿಗೆ ನಮಗೂ ಒಂದು ಪುರಾಣ ಬೇಕಲ್ಲವೇ ಎಂದು ಕೇಳಿಕೊಳ್ಳುತ್ತಾನೆ. ಆ ಬೇಡಿಕೆಗೆ ಉತ್ತರವೇ ಈ ಕಾವ್ಯ. ಕೊಂಕಣಿ ಬೆರೆತ ಮರಾಠಿಯಲ್ಲಿ, ಓವಿ ಛಂದಸ್ಸಿನಲ್ಲಿ, ಸುಮಾರು 11,000 ಪದ್ಯಗಳು. ನಮ್ಮ ವಿಜಯಪುರದ ಕಡೆ ಹೆಂಗಸರು ಬೀಸುವಾಗ ತ್ರಿಪದಿ ಹಾಡುವಂತೆ, ಮರಾಠಿ ನಾಡಿನಲ್ಲಿ ಬೀಸುಕಲ್ಲಿನ ಮುಂದೆ ಹಾಡುವುದು ಓವಿ. ಜ್ಞಾನೇಶ್ವರ, ಏಕನಾಥರಂಥ ಸಂತರು ಬರೆದದ್ದೂ ಓವಿಯಲ್ಲೇ.

ಕಾವ್ಯದ ಹಂಚಿಕೆ ಗಮನಿಸತಕ್ಕದ್ದು. ಮೊದಲ ಪುರಾಣದಲ್ಲಿ 36 ಅಧ್ಯಾಯಗಳು, ಎರಡನೆಯದರಲ್ಲಿ 59. ಯೇಸುಸ್ವಾಮಿಯ ಚರಿತ್ರೆ ಇರುವುದು ಎರಡನೆಯದರಲ್ಲಿ. ಮೊದಲ 36 ಅಧ್ಯಾಯಗಳು ಹಳೆಯ ಒಡಂಬಡಿಕೆಗೆ ಮೀಸಲು: ಸೃಷ್ಟಿ, ಆದಿ ತಂದೆತಾಯಿಯ ಪತನ, ಪಿತಾಮಹರು, ಮೋಶೆ, ದಾವೀದ, ಜ್ಞಾನಿ ಸೊಲೊಮೋನ, ಪ್ರವಾದಿಗಳು. ಕೇಳುಗರು ನಡುನಡುವೆ ಸಂಶಯ ಕೇಳುತ್ತಾರೆ, ಪಾದ್ರಿ ಬಿಡಿಸಿ ಹೇಳುತ್ತಾರೆ. ಕಥೆ ಮುಂದುವರಿದಂತೆ ರಕ್ಷಕನಿಗಾಗಿ ಕಾಯುವಿಕೆಯೂ ಬೆಳೆಯುತ್ತದೆ. ವಾಗ್ದಾನವನ್ನು ತಿಳಿಯದವರಿಗೆ ಅದು ನೆರವೇರಿದ ಸಂತೋಷ ಹೇಗೆ ತಿಳಿದೀತು? ಸ್ಟೀಫನ್ಸ್ ಬೋಧನೆಯ ಗುಟ್ಟು ಇದೇ. ಸ್ವರ್ಗಕ್ಕೆ ವೈಕುಂಠ ಎಂಬ ಪದವನ್ನೂ ಅವರು ಅಂಜದೆ ಬಳಸಿದರು.

1608ರಲ್ಲಿ ಅವರು ರೋಮಿನಲ್ಲಿದ್ದ ತಮ್ಮ ಮಹಾಶ್ರೇಷ್ಠರಿಗೆ ಪತ್ರ ಬರೆದು, ಈ ನಾಡಿನ ಲಿಪಿಯಲ್ಲೇ ಪುಸ್ತಕ ಅಚ್ಚುಮಾಡಲು ಮೊಳೆಗಳಿಗಾಗಿ ಕೋರಿದರು. ಆಸೆ ಈಡೇರಲಿಲ್ಲ. 1616ರಲ್ಲಿ ರಾಚೋಲಿನಲ್ಲಿ ಪುರಾಣ ರೋಮನ್ ಲಿಪಿಯಲ್ಲಿ ಹೊರಬಂತು. ಭಾನುವಾರ, ಹಬ್ಬದ ದಿನಗಳಲ್ಲಿ ದೇವಾಲಯಗಳಲ್ಲಿ ಅದರ ವಾಚನ ನಡೆಯುತ್ತಿತ್ತು. 1619ರಲ್ಲಿ ಫಾದರ್ ಸ್ಟೀಫನ್ಸ್ ಪ್ರಭುವಿನಲ್ಲಿ ನಿದ್ರೆಹೋದರು. ತಾಯ್ನಾಡಿಗೆ ಅವರು ಮರಳಲೇ ಇಲ್ಲ.

ಅವರು ಪ್ರೀತಿಸಿದ ಭಾಷೆಗೆ ಮುಂದೆ ಕಷ್ಟ ಬಂತು. 1684ರಲ್ಲಿ ಪೋರ್ಚುಗೀಸ್ ವೈಸರಾಯ್ ಆಜ್ಞೆ ಹೊರಡಿಸಿ, ಜನರು ಮೂರು ವರ್ಷಗಳೊಳಗೆ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸ್ ಮಾತಾಡಬೇಕೆಂದು ವಿಧಿಸಿದರು. 1616, 1649, 1654ರ ಮುದ್ರಣಗಳ ಒಂದು ಪ್ರತಿಯೂ ಇಂದು ಸಿಕ್ಕಿಲ್ಲ. ಆದರೆ ಜನ ಕೈಬರಹದಲ್ಲಿ ನಕಲು ಮಾಡಿಕೊಂಡಿದ್ದರು. ಗೋವೆಯಿಂದ ಕೆನರಾ ಸೀಮೆಗೆ ವಲಸೆ ಬಂದ ಕುಟುಂಬಗಳ ಜೊತೆ ಪುರಾಣವೂ ಬಂತು. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ, ಗುರುಗಳಿಲ್ಲದ ಆ 15 ವರ್ಷಗಳಲ್ಲಿ ಜನ ಪುರಾಣದ ಪದಗಳನ್ನು ಹಾಡಿಕೊಂಡು ವಿಶ್ವಾಸ ಉಳಿಸಿಕೊಂಡರೆಂಬ ಮಾತು ನಮ್ಮ ಹಿರಿಯರಿಂದ ಬಂದಿದೆ. ಬಾಬಿಲೋನಿಗೆ ಸೆರೆಹೋದ ಇಸ್ರಯೇಲರ ಕಥೆ ಅವರಿಗೆ ಎಷ್ಟು ಹತ್ತಿರವಾಗಿ ಕೇಳಿಸಿರಬೇಕು! 1907ರಲ್ಲಿ ಜೋಸೆಫ್ ಎಲ್. ಸಲ್ದಾನ್ಹಾ ಅವರು ಹಸ್ತಪ್ರತಿಗಳನ್ನು ಹೋಲಿಸಿ ಸಿದ್ಧಪಡಿಸಿದ ಆವೃತ್ತಿ ನಮ್ಮ ಮಂಗಳೂರಿನಲ್ಲೇ ಪ್ರಕಟವಾಯಿತು. ಕಳೆದುಹೋಗಲಿದ್ದ ಕೃತಿ ಲೋಕಕ್ಕೆ ಮತ್ತೆ ದೊರೆಯಿತು. ಗೋವೆಯ ಪೊರ್ವೊರಿಮ್‌ನಲ್ಲಿರುವ ಕೊಂಕಣಿ ಕೇಂದ್ರ ಇಂದು ಸ್ಟೀಫನ್ಸ್ ಅವರ ಹೆಸರನ್ನೇ ಹೊತ್ತಿದೆ.

ಒಂದು ಮಾತನ್ನು ಇಲ್ಲಿ ಹೇಳಬೇಕು. ಸ್ಟೀಫನ್ಸ್ ಅವರ ಕಾಲದ ಬೋಧಕರು ಹಿಬ್ರೂ ಪ್ರವಾದಿಗಳನ್ನು ಮುಖ್ಯವಾಗಿ ಕ್ರಿಸ್ತನ ಮುನ್ಸೂಚಕರೆಂದೇ ಓದಿದರು. ಪ್ರವಾದಿ ತನ್ನ ಜನರಿಗೆ, ತನ್ನ ಕಾಲದ ಅನ್ಯಾಯದ ಎದುರು ಏನು ಹೇಳಿದನೆಂಬುದನ್ನು ಮೊದಲು ಕೇಳಿರೆಂದು ಶ್ರೀಸಭೆ ಇಂದು ಕಲಿಸುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹಳೆಯ ಒಡಂಬಡಿಕೆಗೆ ತನ್ನದೇ ಆದ ಶಾಶ್ವತ ಬೆಲೆಯಿದೆಯೆಂದು ಸಾರಿತು. ಯೆಹೂದ್ಯರು ಈ ಗ್ರಂಥಗಳನ್ನು ಓದುವ ರೀತಿಯನ್ನೂ ಗೌರವಿಸಬೇಕೆಂದು 2001ರಲ್ಲಿ ವ್ಯಾಟಿಕನ್ನಿನ ಬೈಬಲ್ ಆಯೋಗ ತಿಳಿಸಿತು. ಈ ತಿಳಿವು ಸ್ಟೀಫನ್ಸರ ಕೆಲಸವನ್ನು ಸಣ್ಣದು ಮಾಡುವುದಿಲ್ಲ. ಜನರ ಪುರಾಣವನ್ನು ಕಿತ್ತುಕೊಂಡ ಆಳ್ವಿಕೆಯ ನಡುವೆ ಜನರಿಗೆ ಪುರಾಣವೊಂದನ್ನು ಕೊಟ್ಟ ಗುರು ಅವರು.

ಈ ಸಲ ಆಗಮನ ಕಾಲದಲ್ಲಿ ಯೆಶಾಯನ ವಾಚನ ಕೇಳುವಾಗ, ಮನೆಯಲ್ಲಿ ಅಜ್ಜಿ ಅಜ್ಜಂದಿರಿದ್ದರೆ ಕೇಳಿ ನೋಡಿ. ಹಳೆಯ ಪುರಾಣದ ಒಂದೆರಡು ಪದ ಅವರಿಗೆ ಇನ್ನೂ ನೆನಪಿರಬಹುದು.