ಬಿದ್ದ ಬಾಂಡೂ, ಎದ್ದ ಮೂಡಿಯೂ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ತೊಗರಿ ಬೆಳೆಯುವ ಮನೆಯವರಿಗೆ ಈ ಮಾತು ಹೊಸದಲ್ಲ. ಮಳೆಗೆ ಸಿಕ್ಕಿ ಬಣ್ಣಗೆಟ್ಟ ತೊಗರಿಗೆ ಮಾರುಕಟ್ಟೆಯಲ್ಲಿ ದರ ಬೀಳುತ್ತದೆ. ಆದರೆ ಕೆಲವು ಚೀಲಗಳೊಳಗೆ ಕಾಳು ಗಟ್ಟಿಯಾಗಿಯೇ ಇರುತ್ತದೆ, ಕೆಲವದರಲ್ಲಿ ಬರೀ ಬೂಷ್ಟು. ಕೈಹಾಕಿ ನೋಡಿದವನಿಗಷ್ಟೇ ವ್ಯತ್ಯಾಸ ಗೊತ್ತು. ಕಂಪನಿಗಳ ಬಾಂಡ್‌ಗಳಲ್ಲೂ ಹೀಗೆ ಗಟ್ಟಿ-ಜೊಳ್ಳು ವಿಂಗಡಿಸಿ ಅಕ್ಷರದ ದರ್ಜೆ ಕೊಟ್ಟವನು ಜಾನ್ ಮೂಡಿ.

1868ರಲ್ಲಿ ಅಮೆರಿಕದ ಜೆರ್ಸಿ ಸಿಟಿಯಲ್ಲಿ ಹುಟ್ಟಿದ ಆತ, 1890ರಲ್ಲಿ ನ್ಯೂಯಾರ್ಕಿನ ಸ್ಪೆನ್ಸರ್ ಟ್ರಾಸ್ಕ್ ಎಂಬ ಹಣಕಾಸು ಸಂಸ್ಥೆಯಲ್ಲಿ ಸಣ್ಣ ಕೆಲಸಕ್ಕೆ ಸೇರಿದ. ಕಂಪನಿಗಳ ಲೆಕ್ಕ ಜನರ ಕೈಗೆ ಸಿಗದ ಕಾಲ ಅದು. 1900ರಲ್ಲಿ ಆ ಮಾಹಿತಿಯನ್ನೆಲ್ಲ ಒಟ್ಟುಮಾಡಿ ಕೈಪಿಡಿ ತಂದ. ಎರಡೇ ತಿಂಗಳಲ್ಲಿ ಪ್ರತಿಗಳು ಖಾಲಿ!

1907ರಲ್ಲಿ ಮಾರುಕಟ್ಟೆ ಕುಸಿಯಿತು. ಮೂಡಿ ತನ್ನ ಕೈಪಿಡಿಯನ್ನೇ ಮಾರಬೇಕಾಯಿತು. ಆಗ ವಯಸ್ಸು 39. ಎರಡು ವರ್ಷದಲ್ಲಿ ಮರಳಿ ಬಂದ. 1909ರಲ್ಲಿ ಮಾಹಿತಿಯ ಜೊತೆಗೆ ತೀರ್ಮಾನವನ್ನೂ ಕೊಟ್ಟ. ರೈಲ್ವೆ ಬಾಂಡ್‌ಗಳಿಗೆ ಅಕ್ಷರದ ದರ್ಜೆ ಶುರುವಾದದ್ದು ಹೀಗೆ. 1914ರಲ್ಲಿ ಮೂಡೀಸ್ ಇನ್ವೆಸ್ಟರ್ಸ್ ಸರ್ವಿಸ್ ರೂಪುಗೊಂಡಿತು.

ಇಂದು ನಮ್ಮಲ್ಲಿ ಬಿಬಿಬಿ ಮೈನಸ್‌ಗಿಂತ ಕೆಳಗಿಳಿದ ಬಾಂಡ್ 'ಜಂಕ್'. ಮೊದಲು ಒಳ್ಳೆಯ ದರ್ಜೆಯಲ್ಲಿದ್ದು ಇಳಿದದ್ದಕ್ಕೆ 'ಫಾಲನ್ ಏಂಜೆಲ್' ಎನ್ನುತ್ತಾರೆ. ದರ್ಜೆ ಇಳಿದೊಡನೆ, ಜಂಕ್ ಇಟ್ಟುಕೊಳ್ಳಬಾರದೆಂಬ ನಿಯಮವಿರುವ ದೊಡ್ಡ ಸಂಸ್ಥೆಗಳು ಸಿಕ್ಕ ಬೆಲೆಗೆ ಮಾರುತ್ತವೆ. ಬೆಲೆ ಕೆಲವೊಮ್ಮೆ ಯೋಗ್ಯತೆಗಿಂತ ಕೆಳಗೆ ಬೀಳುತ್ತದೆ. ಕಂಪನಿ ಚೇತರಿಸಿಕೊಂಡರೆ ಆಗ ಕೊಂಡವರಿಗೆ ಬಡ್ಡಿಯೂ ಲಾಭ, ಬೆಲೆ ಏರಿಕೆಯೂ ಲಾಭ. ಮೂಡಿ ತೀರಿಕೊಂಡ 1958ರಲ್ಲೇ ಹಿಕ್‌ಮನ್ ಎಂಬ ಅರ್ಥಶಾಸ್ತ್ರಜ್ಞನ ಅಧ್ಯಯನ ಪ್ರಕಟವಾಯಿತು. ಕೆಳದರ್ಜೆಯ ಅನೇಕ ಬಾಂಡ್‌ಗಳನ್ನು ಒಟ್ಟಿಗೆ ದೀರ್ಘಕಾಲ ಇಟ್ಟುಕೊಂಡರೆ, ನಷ್ಟ ಕಳೆದ ಮೇಲೂ ಹೆಚ್ಚು ಆದಾಯ ಬಂದಿತ್ತೆಂದು ಅದು ತೋರಿಸಿತು.

ಆದರೆ ಬಿದ್ದದ್ದೆಲ್ಲ ಏಳುವುದಿಲ್ಲ. 2018ರಲ್ಲಿ ಐಎಲ್ ಆ್ಯಂಡ್ ಎಫ್ಎಸ್ ದರ್ಜೆ ಎಎಎಯಿಂದ ಸುಸ್ತಿ ಎಂಬ 'ಡಿ'ಗೆ ಜಾರಿದ್ದು ಒಂದೆರಡು ತಿಂಗಳಲ್ಲಿ. ಹಿಕ್‌ಮನ್ ಲೆಕ್ಕ ನೂರಾರು ಬಾಂಡ್‌ಗಳದ್ದು. ನಮ್ಮ ಕೈಯಲ್ಲಿರುವುದು ಅಪ್ಪ ತೊಗರಿ ಮಾರಿ ತಂದ ಒಂದೇ ಗಂಟು. ಮೊಬೈಲಿಗೆ ಶೇ 14ರ ಬಡ್ಡಿಯ ಆಸೆ ತೋರುವ ಸಂದೇಶ ಬಂದರೆ ಮೊದಲು ದರ್ಜೆ ನೋಡಿ. ಅದೇಕೆ ಇಳಿಯಿತು, ಕಂಪನಿಯ ಸಾಲವೆಷ್ಟು, ಬಡ್ಡಿ ಕಟ್ಟುವಷ್ಟು ಗಳಿಕೆ ಇದೆಯೇ ಎಂದು ಕೇಳಿ.

ಎರಡು ವರ್ಷದಿಂದ ಆಯ್ಕೆಪಟ್ಟಿಯಲ್ಲಿ ಹೆಸರು ಹುಡುಕಿ ಸುಮ್ಮನಾಗುವ ನನಗೆ ಮೂಡಿ ಹತ್ತಿರದವನೆನಿಸುತ್ತಾನೆ. 1907ರಲ್ಲಿ ಯಾರಾದರೂ ಆತನಿಗೇ ದರ್ಜೆ ಕೊಟ್ಟಿದ್ದರೆ ಅದೂ ಜಂಕ್ ಆಗಿರುತ್ತಿತ್ತೇನೋ. ಆತ ಕುಳಿತು ಅಳಲಿಲ್ಲ, ಹಳೆಯ ಕೆಲಸವನ್ನೇ ಮೊದಲಿಗಿಂತ ಚೆನ್ನಾಗಿ ಮಾಡಿದ. ದರ್ಜೆ ಇವತ್ತಿನ ಲೆಕ್ಕವಷ್ಟೇ. ನಾಳೆಯದನ್ನು ನಾವೇ ಬರೆಯಬೇಕು, ಅಲ್ಲವೇ?