ಗ್ರಂಥಾಲಯದ ಬಾಗಿಲು ತೆರೆಸಿದ ಗಣಿತದ ಮೇಷ್ಟ್ರು: ಎಸ್. ಆರ್. ರಂಗನಾಥನ್

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳ ಸಂಘದವರು ಕೇಳಿದಾಗ ನಾನು ಬಹಳ ಯೋಚಿಸಬೇಕಾಗಲಿಲ್ಲ. ನಮಗೆ ಕಲಿಸಿದ ಗುರುಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ಈ ಸಂಚಿಕೆಯಲ್ಲಿ ಇದ್ದೇ ಇರುತ್ತಾರೆ. ನಾನು ಬರೆಯಲು ಹೊರಟಿರುವುದು ನಮ್ಮ ಶಾಲೆಗೆ ಎಂದೂ ಬಾರದ, ನಾನು ಹುಟ್ಟುವ ಮೊದಲೇ ತೀರಿಕೊಂಡ ಒಬ್ಬ ಮೇಷ್ಟ್ರ ಬಗ್ಗೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಂದು ಕರೆಯಲಾಗುವ ಡಾ. ಎಸ್. ಆರ್. ರಂಗನಾಥನ್ ಅವರೇ ಆ ಮೇಷ್ಟ್ರು.

ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬನಿಗೆ ಇವರ ಬಗ್ಗೆ ಯಾಕಿಷ್ಟು ಆಸಕ್ತಿ ಎಂದು ಕೇಳಬಹುದು. ಮೊದಲ ಕಾರಣ, ನಾನು ಕಾದಂಬರಿಗಳ ಹುಚ್ಚ. ಎಂಟನೇ ತರಗತಿಯಿಂದ ಶುರುವಾದ ಹುಚ್ಚು ಅದು. ಶಾಲೆ ಬಿಟ್ಟ ಮೇಲೆ ಮನೆಗೆ ಹೋಗುವ ದಾರಿಯಲ್ಲಿ ಊರಿನ ಗ್ರಂಥಾಲಯ ಸಿಗುತ್ತಿತ್ತು. ಒಂದು ಕೋಣೆ, ಎರಡು ಬೆಂಚು, ದಿನಪತ್ರಿಕೆ ಓದುವ ನಾಲ್ಕೈದು ಹಿರಿಯರು, ಗೋಡೆಯ ಪಕ್ಕ ಪುಸ್ತಕದ ರ‍್ಯಾಕುಗಳು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ನಾನು ಮೊದಲು ಓದಿದ್ದು ಅಲ್ಲಿಯೇ. ಎಷ್ಟೋ ಪುಸ್ತಕಗಳಿಗೆ ಕೊನೆಯ ಹಾಳೆಗಳೇ ಇರುತ್ತಿರಲಿಲ್ಲ. ಇದ್ದರೂ ಯಾರೋ ಪುಣ್ಯಾತ್ಮರು ಮೊದಲ ಪುಟದಲ್ಲೇ ಕೊಲೆಗಾರನ ಹೆಸರು ಬರೆದಿಟ್ಟಿರುತ್ತಿದ್ದರು. ಆದರೂ ಓದುತ್ತಿದ್ದೆವು. ಅಲ್ಲಿಂದ ತೇಜಸ್ವಿಯವರ ಜುಗಾರಿ ಕ್ರಾಸ್‌ಗೆ, ಕರ್ವಾಲೊಗೆ, ತ್ರಿವೇಣಿಯವರಿಗೆ, ಕೊನೆಗೆ ಕಾರಂತರಿಗೆ ಬಂದೆ. ಯಾರೂ ಕೈಹಿಡಿದು ಕರೆದೊಯ್ಯಲಿಲ್ಲ. ಪುಸ್ತಕಗಳು ಕೈಗೆಟುಕುವಲ್ಲಿ ಇದ್ದವು, ಅಷ್ಟೇ. ಹಾಗೆ ಕೈಗೆಟುಕುವಂತೆ ಇದ್ದುದರ ಹಿಂದೆ ಒಬ್ಬ ಮನುಷ್ಯನ ಬಹುದೊಡ್ಡ ಶ್ರಮವಿದೆ ಎಂಬುದು ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೋದ ಮೇಲೆ ತಿಳಿಯಿತು.

ಶಿಯಾಳಿ ರಾಮಾಮೃತ ರಂಗನಾಥನ್ ಹುಟ್ಟಿದ್ದು 1892ರ ಆಗಸ್ಟ್‌ನಲ್ಲಿ, ತಮಿಳುನಾಡಿನ ಅಂದಿನ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಅದೇ ಊರನ್ನು ಈಗ ಸೀರ್ಕಾಳಿ ಎನ್ನುತ್ತಾರೆ. ತಂದೆ ರಾಮಾಯಣದ ಪ್ರವಚನ ಮಾಡುತ್ತಿದ್ದವರು. ಮಗನಿಗೆ ಆರು ವರ್ಷವಾಗಿದ್ದಾಗಲೇ ಅವರು ತೀರಿಕೊಂಡರು. ಊರಿನ ಹಿಂದೂ ಹೈಸ್ಕೂಲಿನಲ್ಲಿ ಓದಿದ ಹುಡುಗ ಮುಂದೆ ಮದರಾಸು ಕ್ರಿಶ್ಚಿಯನ್ ಕಾಲೇಜು ಸೇರಿ 1913ರಲ್ಲಿ ಬಿ.ಎ., 1916ರಲ್ಲಿ ಗಣಿತದಲ್ಲಿ ಎಂ.ಎ. ಮುಗಿಸಿದರು. ಅಲ್ಲಿ ಗಣಿತ ಕಲಿಸುತ್ತಿದ್ದ ಎಡ್ವರ್ಡ್ ರಾಸ್ ಎಂಬ ಪ್ರಾಧ್ಯಾಪಕರು ಅವರಿಗೆ ಜೀವನಪರ್ಯಂತ ಗುರುಗಳಾದರು. ರಂಗನಾಥನ್ ಅವರಿಗೆ ಮಾತಿನಲ್ಲಿ ಉಗ್ಗು ಇತ್ತು. ಆದರೂ ಅವರು ಆರಿಸಿಕೊಂಡದ್ದು ಮೇಷ್ಟ್ರ ಕೆಲಸವನ್ನೇ.

ನಮ್ಮ ಕರ್ನಾಟಕದ ಮಕ್ಕಳಿಗೆ ಇಷ್ಟವಾಗುವ ಒಂದು ಸಂಗತಿ ಇಲ್ಲಿದೆ. 1917ರಲ್ಲಿ ಅವರು ಅಧ್ಯಾಪಕರಾಗಿ ಮೊದಲು ಸೇರಿದ್ದು ಮಂಗಳೂರಿನ ಸರ್ಕಾರಿ ಕಾಲೇಜಿಗೆ. ಮೂರು ವರ್ಷ ಅಲ್ಲಿ ಗಣಿತ ಕಲಿಸಿ, ಕೊಯಮತ್ತೂರಿಗೆ, ಅಲ್ಲಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. ಹೀಗೆಯೇ ಮುಂದುವರಿದಿದ್ದರೆ ಒಬ್ಬ ಒಳ್ಳೆಯ ಗಣಿತದ ಮೇಷ್ಟ್ರಾಗಿ ನಿವೃತ್ತರಾಗುತ್ತಿದ್ದರು.

1923ರಲ್ಲಿ ಮದರಾಸು ವಿಶ್ವವಿದ್ಯಾಲಯ ಗ್ರಂಥಪಾಲಕರ ಹುದ್ದೆಗೆ ಅರ್ಜಿ ಕರೆಯಿತು. ಸುಮಾರು 900 ಅರ್ಜಿಗಳು ಬಂದಿದ್ದವೆಂದು ಹೇಳುತ್ತಾರೆ. ಆದರೆ ಅರ್ಜಿ ಹಾಕಿದವರಲ್ಲಿ ಗ್ರಂಥಾಲಯದ ಕೆಲಸವನ್ನು ಕಲಿತು ಬಂದವರು ಯಾರೂ ಇರಲಿಲ್ಲ. ಅಂಥ ಶಿಕ್ಷಣವೇ ನಮ್ಮಲ್ಲಿ ಅಪರೂಪವಾಗಿದ್ದ ಕಾಲ ಅದು. ಸ್ನೇಹಿತರ ಒತ್ತಾಯಕ್ಕೆ ಅರ್ಜಿ ಹಾಕಿದ್ದ ರಂಗನಾಥನ್ ಸಂದರ್ಶನಕ್ಕೆ ಮುನ್ನ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿ ಗ್ರಂಥಾಲಯಗಳ ಬಗ್ಗೆ ಇದ್ದ ಲೇಖನವನ್ನು ಓದಿಕೊಂಡು ಹೋದರು. ಕೆಲಸ ಸಿಕ್ಕಿತು. 1924ರ ಜನವರಿಯಲ್ಲಿ ಸೇರಿದರು.

ಸೇರಿದ ಮೇಲೆ ಬೇಸರ ಶುರುವಾಯಿತು. ತರಗತಿಯ ತುಂಬ ವಿದ್ಯಾರ್ಥಿಗಳನ್ನು ನೋಡಿ ಅಭ್ಯಾಸವಾಗಿದ್ದವರಿಗೆ ಜನವೇ ಬಾರದ ಗ್ರಂಥಾಲಯದಲ್ಲಿ ದಿನವಿಡೀ ಕೂರುವುದು ಶಿಕ್ಷೆಯಂತಾಯಿತು. ಕೆಲವೇ ದಿನಗಳಲ್ಲಿ ಹಳೆಯ ಕಾಲೇಜಿಗೆ ಹೋಗಿ, ತಮ್ಮನ್ನು ಮತ್ತೆ ಪಾಠಕ್ಕೆ ಹಾಕಿಕೊಳ್ಳಬೇಕೆಂದು ಕೇಳಿಕೊಂಡರು. ಹೇಗೂ ತರಬೇತಿಗೆ ಲಂಡನ್ನಿಗೆ ಹೋಗಬೇಕಲ್ಲ, ಹೋಗಿ ಬಂದ ಮೇಲೂ ಬೇಸರವೇ ಆದರೆ ಹಿಂದಿರುಗಬಹುದು ಎಂಬ ಭರವಸೆ ಸಿಕ್ಕಿತು. ಹಿಂದಿರುಗುವ ಪ್ರಸಂಗ ಬರಲೇ ಇಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗ್ರಂಥಾಲಯ ಶಾಸ್ತ್ರ ಕಲಿಯುತ್ತ ಅವರು ಇಂಗ್ಲೆಂಡಿನ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿದರು. ಅಲ್ಲಿ ಕಂಡದ್ದು ಅವರ ಜೀವನವನ್ನೇ ಬದಲಾಯಿಸಿತು. ಕಾರ್ಖಾನೆಯ ಕೆಲಸಗಾರರು, ಗೃಹಿಣಿಯರು, ಚಿಕ್ಕ ಮಕ್ಕಳು ಎಲ್ಲರೂ ಊರಿನ ಗ್ರಂಥಾಲಯಕ್ಕೆ ಬಂದು ತಮಗೆ ಬೇಕಾದ ಪುಸ್ತಕವನ್ನು ಹಕ್ಕಿನಿಂದ ಕೇಳಿ ಒಯ್ಯುತ್ತಿದ್ದರು. ನಮ್ಮ ದೇಶದಲ್ಲಿ ಆಗ ಗ್ರಂಥಾಲಯವೆಂದರೆ ವಿದ್ವಾಂಸರಿಗೆ, ಶ್ರೀಮಂತರಿಗೆ ಸೇರಿದ್ದು ಎಂಬ ಭಾವನೆಯಿತ್ತು. ಓದು ಎಲ್ಲರಿಗೂ ಸಿಗಬೇಕಾದರೆ ಗ್ರಂಥಾಲಯ ಎಲ್ಲರಿಗೂ ಸಿಗಬೇಕು ಎಂಬ ವಿಚಾರ ಅವರ ಮನಸ್ಸಿನಲ್ಲಿ ಅಲ್ಲಿಯೇ ಗಟ್ಟಿಯಾಯಿತು.

ಇನ್ನೊಂದು ಸ್ವಾರಸ್ಯದ ಪ್ರಸಂಗವೂ ಅಲ್ಲಿಯೇ ನಡೆಯಿತು. ಸೆಲ್ಫ್ರಿಜ್ ಎಂಬ ದೊಡ್ಡ ಅಂಗಡಿಯಲ್ಲಿ ಅವರು ಮೆಕ್ಯಾನೋ ಎಂಬ ಆಟದ ಸಾಮಾನನ್ನು ನೋಡಿದರು. ತೂತುಗಳಿರುವ ಲೋಹದ ಪಟ್ಟಿಗಳು, ಚಕ್ರಗಳು, ನಟ್ಟು, ಬೋಲ್ಟು. ಅವೇ ತುಂಡುಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿದರೆ ಒಮ್ಮೆ ಕ್ರೇನ್, ಒಮ್ಮೆ ಗಾಡಿ, ಒಮ್ಮೆ ಸೇತುವೆ. ಪುಸ್ತಕದ ವಿಷಯಗಳನ್ನೂ ಹೀಗೇಕೆ ಜೋಡಿಸಬಾರದು ಎಂದು ಅವರಿಗೆ ಹೊಳೆಯಿತು. ಅದುವರೆಗೆ ಹೆಚ್ಚಾಗಿ ಬಳಕೆಯಲ್ಲಿದ್ದ ಡ್ಯೂಯಿ ಪದ್ಧತಿಯಲ್ಲಿ ಪ್ರತಿ ವಿಷಯಕ್ಕೂ ಮೊದಲೇ ಗೊತ್ತುಮಾಡಿದ ಒಂದು ಜಾಗವಿರುತ್ತಿತ್ತು. ರಂಗನಾಥನ್ ವಿಷಯವನ್ನು ಬಿಡಿಭಾಗಗಳಾಗಿ ಬಿಡಿಸಿದರು. ಭತ್ತದ ಬೆಳೆಗೆ ಬರುವ ರೋಗದ ಕುರಿತ ಪುಸ್ತಕವೆಂದಿಟ್ಟುಕೊಳ್ಳಿ. ಬೆಳೆ ಯಾವುದು, ಸಮಸ್ಯೆ ಏನು, ಯಾವ ಪ್ರದೇಶ, ಯಾವ ಕಾಲ ಎಂದು ಪ್ರತಿಯೊಂದಕ್ಕೂ ಬೇರೆ ಬೇರೆ ಸಂಕೇತ. ಆ ಸಂಕೇತಗಳನ್ನು ಜೋಡಿಸುವ ನಟ್ಟು ಬೋಲ್ಟಿನ ಕೆಲಸ ಮೊದಲಿಗೆ ಕೋಲನ್ ಚಿಹ್ನೆಯದು. ಹಾಗಾಗಿ ಅದಕ್ಕೆ ಕೋಲನ್ ಅಥವಾ ದ್ವಿಬಿಂದು ವರ್ಗೀಕರಣ ಎಂಬ ಹೆಸರು ಬಂತು. 1925ರಲ್ಲಿ ಊರಿಗೆ ಮರಳುವಾಗ ಹಡಗಿನಲ್ಲಿದ್ದ ಪುಸ್ತಕಗಳ ಮೇಲೆಯೇ ಅವರು ಇದನ್ನು ಪ್ರಯೋಗಿಸಿ ನೋಡಿದರಂತೆ. 1933ರಲ್ಲಿ ಅದು ಪುಸ್ತಕವಾಗಿ ಹೊರಬಂತು.

ನನ್ನಂಥ ಕಾದಂಬರಿ ಓದುಗನಿಗೆ ಈ ಪದ್ಧತಿಯ ಸಾಹಿತ್ಯ ವಿಭಾಗ ಬಹಳ ಇಷ್ಟ. ಮೊದಲು ಭಾಷೆ, ಆಮೇಲೆ ಪ್ರಕಾರ, ಆಮೇಲೆ ಲೇಖಕರು, ಕೊನೆಗೆ ಕೃತಿ. ಲೇಖಕರನ್ನು ಗುರುತಿಸುವುದು ಅವರು ಹುಟ್ಟಿದ ಇಸವಿಯಿಂದ. ಹೀಗೆ ಜೋಡಿಸಿದರೆ ಕನ್ನಡ ಕಾದಂಬರಿಗಳ ರ‍್ಯಾಕಿನಲ್ಲಿ 1902ರ ಕಾರಂತರು, 1904ರ ಕುವೆಂಪು, 1928ರ ತ್ರಿವೇಣಿ, 1938ರ ತೇಜಸ್ವಿ ಸಾಲಾಗಿ ನಿಲ್ಲುತ್ತಾರೆ. ರ‍್ಯಾಕಿನ ಮುಂದೆ ನಡೆಯುತ್ತ ಹೋದರೆ ಕನ್ನಡ ಕಾದಂಬರಿಯ ಚರಿತ್ರೆಯನ್ನೇ ನೋಡಿದಂತಾಗುತ್ತದೆ. ಒಬ್ಬರ ಒಂದು ಪುಸ್ತಕ ಮೆಚ್ಚಿದವನಿಗೆ ಅವರ ಉಳಿದ ಕಾದಂಬರಿಗಳೆಲ್ಲ ಅಲ್ಲೇ ಪಕ್ಕದಲ್ಲಿ ಸಿಗುತ್ತವೆ.

ನನ್ನ ವೃತ್ತಿಗೂ ಇದಕ್ಕೂ ಹತ್ತಿರದ ಸಂಬಂಧವಿದೆ. ಇಂದು ಮೊಬೈಲಿನಲ್ಲಿ ಅಂಗಿ ಕೊಳ್ಳುವಾಗ ಅಳತೆ, ಬಣ್ಣ, ಬೆಲೆ, ಕಂಪನಿ ಎಂದು ಒಂದೊಂದನ್ನೇ ಆರಿಸುತ್ತ ಹೋಗುತ್ತೇವಲ್ಲ, ಆ ಫಿಲ್ಟರ್‌ಗಳ ಹಿಂದಿರುವುದು ಇದೇ ವಿಚಾರ. ನಾವು ಕಂಪ್ಯೂಟರ್ ಮುಂದೆ ಕುಳಿತು ಬರೆಯುವ ಈ ತರ್ಕವನ್ನು ಅವರು ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಕಾಗದ ಮತ್ತು ಕಾರ್ಡುಗಳ ಮೇಲೆ ಮಾಡಿ ತೋರಿಸಿದ್ದರು.

ಆದರೆ ರಂಗನಾಥನ್ ಅವರನ್ನು ಜಗತ್ತು ಹೆಚ್ಚು ನೆನೆಯುವುದು 1931ರಲ್ಲಿ ಪುಸ್ತಕವಾಗಿ ಬಂದ ಅವರ ಐದು ಸೂತ್ರಗಳಿಗಾಗಿ. ಅವುಗಳ ತಿರುಳನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಪುಸ್ತಕ ಇರುವುದು ಜನ ಬಳಸುವುದಕ್ಕೆ, ಬೀಗ ಹಾಕಿ ಕಾಪಾಡುವುದಕ್ಕಲ್ಲ. ಓದುವವರು ಯಾರೇ ಆಗಲಿ, ಅವರಿಗೆ ಬೇಕಾದ ಪುಸ್ತಕ ಅವರಿಗೆ ಸಿಗಬೇಕು. ಯಾವ ಪುಸ್ತಕವೂ ಓದುಗನಿಲ್ಲದೆ ಮೂಲೆಗೆ ಬೀಳಬಾರದು. ಹುಡುಕುವುದರಲ್ಲಿ ಓದುಗನ ಸಮಯ ಹಾಳಾಗಬಾರದು. ಗ್ರಂಥಾಲಯ ಜೀವವಿರುವ ವಸ್ತುವಿನ ಹಾಗೆ ಬೆಳೆಯುತ್ತಲೇ ಇರಬೇಕು. ಕೇಳಲು ಬಹಳ ಸರಳ. ಮೊದಲ ಸೂತ್ರದ ಎಳೆ ಸಿಕ್ಕಿದ್ದು ಗಣಿತದ ಗುರು ರಾಸ್ ಅವರ ಮಾತಿನಿಂದ. ಗಣಿತದವರಾದ್ದರಿಂದ ಕೆಲವೇ ಮೂಲ ಸೂತ್ರಗಳಿಂದ ಉಳಿದದ್ದನ್ನೆಲ್ಲ ಹೊರಡಿಸುವ ಅಭ್ಯಾಸ ರಂಗನಾಥನ್ ಅವರಿಗಿತ್ತು. ಗ್ರಂಥಾಲಯದ ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು, ರ‍್ಯಾಕು ಎಷ್ಟು ಎತ್ತರವಿರಬೇಕು ಎಂಬ ಸಣ್ಣ ಸಣ್ಣ ವಿಷಯಗಳಿಗೂ ಅವರು ಈ ಐದರಿಂದಲೇ ಉತ್ತರ ಹುಡುಕಿದರು. ಮದರಾಸಿನ ತಮ್ಮ ಗ್ರಂಥಾಲಯದಲ್ಲಿ ಓದುಗರು ತಾವೇ ರ‍್ಯಾಕಿನ ಬಳಿ ಹೋಗಿ ಪುಸ್ತಕ ತೆಗೆದುಕೊಳ್ಳುವ ಪದ್ಧತಿ ತಂದರು. ತೆರೆದಿರುವ ಸಮಯವನ್ನು ಹೆಚ್ಚಿಸಿದರು. ಇಪ್ಪತ್ತು ವರ್ಷ ರಜೆಯನ್ನೇ ತೆಗೆದುಕೊಳ್ಳದೆ ದುಡಿದರೆಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ.

ಈ ಸೂತ್ರಗಳಲ್ಲಿ ಎಲ್ಲಿಯೂ ಒಳ್ಳೆಯ ಓದುಗ, ಕೆಟ್ಟ ಓದುಗ ಎಂಬ ಭೇದವಿಲ್ಲ. ವೇದಾಂತದ ಗ್ರಂಥ ಕೇಳಿ ಬಂದವನೂ ಓದುಗನೇ, ಪತ್ತೇದಾರಿ ಕಾದಂಬರಿ ಕೇಳಿ ಬಂದವನೂ ಓದುಗನೇ. ಪಠ್ಯ ಬಿಟ್ಟು ಕಥೆ ಪುಸ್ತಕ ಹಿಡಿದಿದ್ದಕ್ಕೆ ಬೈಸಿಕೊಂಡ ನಮ್ಮಂಥವರಿಗೆ ಇದು ದೊಡ್ಡ ಸಮಾಧಾನ. ನಮ್ಮ ತರಗತಿಯ ಗೆಳೆಯನೊಬ್ಬ ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿ ಗ್ಯಾರೇಜ್ ಸೇರಿದ. ಇಂದಿಗೂ ವಾರಕ್ಕೊಂದು ಕಾದಂಬರಿ ಗ್ರಂಥಾಲಯದಿಂದ ತರುತ್ತಾನೆ. ಊರಿಗೆ ಹೋದಾಗಲೆಲ್ಲ ನಾನು ಓದಿರದ ಒಂದೆರಡು ಹೆಸರು ಹೇಳಿಯೇ ಕಳಿಸುತ್ತಾನೆ. ಅವನನ್ನು ಶಾಲೆ ಬಿಟ್ಟವನು ಎನ್ನಬಹುದು, ಓದು ಬಿಟ್ಟವನು ಎನ್ನಲಾಗದು. ರಂಗನಾಥನ್ ಅವರ ಎರಡನೇ ಸೂತ್ರ ಇಂಥವನಿಗಾಗಿಯೇ ಹುಟ್ಟಿದ್ದು ಎಂದು ನನಗೆ ಅನ್ನಿಸುತ್ತದೆ.

ಪುಸ್ತಕದ ಬಳಿಗೆ ಬರಲಾಗದವರ ಬಳಿಗೆ ಪುಸ್ತಕವೇ ಹೋಗಬೇಕು ಎಂಬುದೂ ಅವರ ಚಳವಳಿಯ ಭಾಗವಾಗಿತ್ತು. 1928ರಲ್ಲಿ ಆರಂಭವಾದ ಮದರಾಸು ಗ್ರಂಥಾಲಯ ಸಂಘದ ಬೆನ್ನೆಲುಬು ಅವರೇ. 1931ರಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಗ್ರಂಥಾಲಯವೊಂದು ಹೊರಟಿತು. ಗಾಡಿಯ ತುಂಬ ಪುಸ್ತಕ ತುಂಬಿಕೊಂಡು ಹಳ್ಳಿಯಿಂದ ಹಳ್ಳಿಗೆ ಹೋಗಿ ಜನರಿಗೆ ಓದಲು ಕೊಡುವ ವ್ಯವಸ್ಥೆ ಅದು.

ಆದರೆ ದಾನಿಗಳ ಉತ್ಸಾಹದಿಂದ ಮಾತ್ರ ಗ್ರಂಥಾಲಯ ಉಳಿಯುವುದಿಲ್ಲ, ಅದಕ್ಕೆ ಕಾನೂನಿನ ಬಲ ಬೇಕು ಎಂದು ಅವರು ನಂಬಿದ್ದರು. 1930ರಲ್ಲೇ ಒಂದು ಮಾದರಿ ಮಸೂದೆ ಸಿದ್ಧಪಡಿಸಿದ್ದರು. ಒಂದೊಂದು ಪ್ರಾಂತಕ್ಕೂ ಬರೆದು, ಮಂತ್ರಿಗಳನ್ನು ಕಂಡು, ವರ್ಷಗಟ್ಟಲೆ ಕಾದರು. ಕೊನೆಗೆ 1948ರಲ್ಲಿ ಮದರಾಸಿನಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂತು. ನಮ್ಮ ರಾಜ್ಯದ ಕಾಯಿದೆ 1965ರದು. ಅದರ ಹಿಂದೆಯೂ ಅವರ ಮಾರ್ಗದರ್ಶನವಿತ್ತು. ನಾವು ಕಟ್ಟುವ ಮನೆ ಕಂದಾಯದ ಜೊತೆಗೆ ಗ್ರಂಥಾಲಯ ಕರವೆಂದು ಒಂದು ರೂಪಾಯಿಗೆ ಆರು ಪೈಸೆ ಸೇರುವುದು ಈ ಕಾಯಿದೆಯಿಂದಲೇ. ಅಂದರೆ ಊರಿನ ಗ್ರಂಥಾಲಯದಲ್ಲಿರುವ ಪುಸ್ತಕ ಯಾರ ಉಪಕಾರವೂ ಅಲ್ಲ, ನಮ್ಮ ಅಪ್ಪ ಅಮ್ಮ ಕಟ್ಟಿದ ಕರದಿಂದ ಬಂದದ್ದು.

ಮದರಾಸಿನ ನಂತರ ಬನಾರಸ್, ದೆಹಲಿ, ಕೆಲವು ವರ್ಷ ಸ್ವಿಟ್ಜರ್ಲೆಂಡಿನ ಜ್ಯೂರಿಕ್, ಉಜ್ಜಯಿನಿ ಎಂದು ಅವರ ಸೇವೆ ಮುಂದುವರಿಯಿತು. 1957ರಲ್ಲಿ ಪದ್ಮಶ್ರೀ ಬಂತು. ಜೀವನವಿಡೀ ಉಳಿಸಿದ ಒಂದು ಲಕ್ಷ ರೂಪಾಯಿಯನ್ನು ಪತ್ನಿ ಶಾರದಾ ಅವರ ಹೆಸರಿನಲ್ಲಿ ಗ್ರಂಥಾಲಯ ವಿಜ್ಞಾನದ ಪೀಠಕ್ಕಾಗಿ ಮದರಾಸು ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. ಕೊನೆಗೆ ಬಂದು ನೆಲೆಸಿದ್ದು ನಮ್ಮ ಬೆಂಗಳೂರಿನಲ್ಲಿ. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಇಲ್ಲಿ ದಸ್ತಾವೇಜು ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ ಬೆಳೆಸಿದರು. 1965ರಲ್ಲಿ ಭಾರತ ಸರ್ಕಾರ ಅವರನ್ನು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರನ್ನಾಗಿ ನೇಮಿಸಿತು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿಯೇ ತೀರಿಕೊಂಡರು. ದೇಶದಾದ್ಯಂತ ಆಗಸ್ಟ್ 12ನ್ನು ಗ್ರಂಥಪಾಲಕರ ದಿನವೆಂದು ಆಚರಿಸುವುದು ಅವರ ನೆನಪಿಗಾಗಿ.

ಈ ಮಹನೀಯರ ಕಥೆಯನ್ನು ಸುವರ್ಣ ಮಹೋತ್ಸವದ ಹೊತ್ತಿನಲ್ಲಿ ಹೇಳುವುದಕ್ಕೆ ಕಾರಣವಿದೆ. ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಗೆ ಹೊಸ ಕೊಠಡಿಗಳು ಬಂದಿವೆ, ಕಂಪ್ಯೂಟರ್‌ಗಳು ಬಂದಿವೆ. ಗ್ರಂಥಾಲಯ ಮಾತ್ರ ಇಂದಿಗೂ ಬೀರುವಿನೊಳಗಿದೆ. ಇದು ಬಹುತೇಕ ಸರ್ಕಾರಿ ಶಾಲೆಗಳ ಕಥೆ. ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಲ್ಲ ಎಂಬ ಚಿಂತೆ ಮೇಷ್ಟ್ರುಗಳಿಗೆ ಇರುವುದು ಸಹಜ. ಹಾಗಾಗಿ ಆ ಚಿಂತೆಯ ಭಾರವನ್ನು ಹಳೆಯ ವಿದ್ಯಾರ್ಥಿಗಳಾದ ನಾವು ಹೊರೋಣ ಎಂಬುದು ನನ್ನ ವಿನಂತಿ. ಒಂದು ತೆರೆದ ರ‍್ಯಾಕು ಮಾಡಿಸೋಣ. ಅದರಲ್ಲಿ ಹಿಡಿದರೆ ಬಿಡಲಾಗದಂಥ ಕಾದಂಬರಿಗಳಿರಲಿ. ಕೊಡುವ, ಪಡೆಯುವ ಲೆಕ್ಕವನ್ನು ಒಂಬತ್ತನೇ ತರಗತಿಯ ಮಕ್ಕಳೇ ಬರೆದುಕೊಳ್ಳಲಿ. ವರ್ಷದ ಕೊನೆಗೆ ಕಳೆದದ್ದು, ಹರಿದದ್ದು ಎಷ್ಟಿದ್ದರೂ ಹೊಸದನ್ನು ನಾವು ತಂದುಕೊಡೋಣ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಓದುವ ಬೆಳಕು ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಶಾಲೆಯ ಪ್ರತಿ ಮಗುವೂ ಅಲ್ಲಿ ಸದಸ್ಯನಾಗುವಂತೆ ನೋಡಿಕೊಳ್ಳೋಣ.

ಮೊದಲ ರ‍್ಯಾಕಿನ ಖರ್ಚನ್ನು ನಾನು ಮತ್ತು ನನ್ನ ತರಗತಿಯ ಗೆಳೆಯರು ವಹಿಸಿಕೊಂಡಿದ್ದೇವೆ. ಯಾವ ಕಾದಂಬರಿಗಳು ಇರಬೇಕೆಂಬ ಪಟ್ಟಿಯನ್ನು ಗ್ಯಾರೇಜಿನ ಗೆಳೆಯ ಬರೆಯುತ್ತಿದ್ದಾನೆ. ಉಳಿದ ತಂಡದವರೂ ಕೈಜೋಡಿಸಬೇಕೆಂದು ಪ್ರಾರ್ಥಿಸುತ್ತೇನೆ.